ಇಪ್ಪತ್ತು ನಿಮಿಷದ ಮೊಳೆ

ನಮ್ಮನೆಯಲ್ಲಿ ಕೆಮಿಸ್ಟ್ರಿ ಪಾಠ ನಡೆಯುವುದು ಅಡುಗೆಮನೆಯ ಕಿಟಕಿಯಲ್ಲಿ. ಊರಿಗೆ ನೆಟ್‌ವರ್ಕ್ ಬಂದಿರುವುದು ಹೌದು, ಆದರೆ ಮನೆಯೊಳಗೆ ಅದು ಆ ಕಿಟಕಿ ದಾಟಿ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯ ಮಗರಾಯ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂರುತ್ತಾನೆ. ನಾನು ಇತ್ತ ಸೌತೆಕಾಯಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತೇನೆ. ಅವನು ನೀರು ಕುಡಿಯಲು, ನಾಯಿ ಓಡಿಸಲು, ಸುಮ್ಮನೆ ಒಮ್ಮೆ ಹೊರಗೆ ಹೋಗಿ ಬರಲು ಏಳುತ್ತಲೇ ಇರುವುದರಿಂದ ಲೆಕ್ಕ ಹಾಕಿದರೆ ಹಾಜರಿ ನನ್ನದೇ ಜಾಸ್ತಿ.

ಫೋನಿನ ಮೇಷ್ಟ್ರನ್ನು ಅವನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾನೆ. ಕಡೇ ಬಸ್ಸು ತಪ್ಪೀತೆಂದು ಹರಿಕಥೆ ದಾಸರು ಅವಸರದಲ್ಲಿ ಮಂಗಳ ಹಾಡಿದ ಹಾಗಿರುತ್ತದೆ. ನನಗೆ ತಿಳಿಯದಿದ್ದರೆ "ಸ್ವಲ್ಪ ಹಿಂದೆ ಹಾಕೋ" ಅಂತೀನಿ. ಮೇಷ್ಟ್ರು ಅದನ್ನೇ ಮತ್ತೆ ಹೇಳುತ್ತಾರೆ, ಅದೇ ನಗುಮುಖದಲ್ಲಿ. ಮೂರನೇ ಸಲ ಮುಖ ಗಂಟು ಹಾಕುವುದು ಮಗನೇ ಹೊರತು ಅವರಲ್ಲ. ನಮ್ಮ ಕಾಲದ ಮೇಷ್ಟ್ರ ಹತ್ತಿರ ಎರಡನೇ ಸಲ ಕೇಳಿದರೆ ಕಿವಿಯಲ್ಲಿ ಹತ್ತಿ ಇದೆಯಾ ಎಂಬ ಪ್ರಶ್ನೆ ಬರುತ್ತಿತ್ತು.

ನಮ್ಮ ಹೈಸ್ಕೂಲಿನ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಬೀರು. ವರ್ಷಕ್ಕೊಮ್ಮೆ ಅದರಿಂದ ಮೆಗ್ನೀಸಿಯಂ ಪಟ್ಟಿಯ ಒಂದು ತುಂಡು ಹೊರಬರುತ್ತಿತ್ತು. ಮುಂದೆ ಹುಡುಗರ ಗೋಡೆ. ಹಿಂದಿದ್ದ ನಮಗೆ ಕಂಡದ್ದು ಹಂಚಿನ ಮೇಲೆ ಒಂದು ಕ್ಷಣ ಬಿದ್ದ ಬೆಳಕು, ಆಮೇಲೆ ಮೂಗಿಗೆ ಒಂದಿಷ್ಟು ಹೊಗೆ. ಮೂವತ್ತು ವರ್ಷದ ನಂತರ, ಮೊನ್ನೆ, ಅದನ್ನು ಮೊದಲ ಸಲ ಎದುರಿನಿಂದ ನೋಡಿದೆ. ಇಕ್ಕಳ ಕಂಡಿತು, ಪಟ್ಟಿ ಕಂಡಿತು, ಸ್ಪಿರಿಟ್ ದೀಪ ಕಂಡಿತು. ಇನ್ನೇನು ಹೊತ್ತಬೇಕು, ಅಷ್ಟರಲ್ಲಿ ಚಿನ್ನದ ಸಾಲದ ಜಾಹೀರಾತು. ಅದು ಮುಗಿದ ಮೇಲೆ ಹೊತ್ತಿತೆನ್ನಿ. ಕಣ್ಣು ಕೋರೈಸುವ ಬೆಳಕು ಫೋನಿನೊಳಗೆ ಒಂದು ಬಿಳಿ ಚೌಕವಾಗಿ ನಿಂತಿತು, ಹಿಂದಿದ್ದ ಮೇಷ್ಟ್ರು ಕಪ್ಪಾದರು. ಹಂಚಿನ ಮೇಲಿನ ಆ ಬೆಳಕೇ ಇದಕ್ಕಿಂತ ವಾಸಿ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಸ್ಥಾನಪಲ್ಲಟ ಕ್ರಿಯೆಯ ಪಾಠ ಬಂತು. ಫೋನಿನ ಮೇಷ್ಟ್ರು ಅದನ್ನು ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್ ಅಂದರು, ಅಂದು ಉದಾಹರಣೆಗೆ ಒಂದು ಮದುವೆ ಮಾಡಿಸಿದರು. ತಾಮ್ರ ಸಲ್ಫೇಟನ್ನು ಕಟ್ಟಿಕೊಂಡಿದೆ, ಅದಕ್ಕಿಂತ ಚುರುಕಾದ ಕಬ್ಬಿಣ ಬಂದು ಸಲ್ಫೇಟನ್ನು ಹಾರಿಸಿಕೊಂಡು ಹೋಗುತ್ತದೆ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವನವರ ಕೈ ಸುಣ್ಣದ ಡಬ್ಬಿಯಲ್ಲೇ ನಿಂತಿತು. "ಎಂಥದೋ ಅದು, ಸೀರಿಯಲ್ಲಾ?"

"ಅಲ್ಲ ಅಜ್ಜ, ಕಾಪರ್ ಸಲ್ಫೇಟು. ಅದರೊಳಗೆ ಮೊಳೆ ಹಾಕಿದರೆ ಮೊಳೆ ಕೆಂಪಾಗ್ತದೆ."

"ಮೈಲುತುತ್ತ ಅನ್ನು. ಕತ್ತಿ ಅದ್ದೋದಪ್ಪ ಅದು."

ಹೌದಲ್ಲ! ಮಳೆಗಾಲದ ಬಾಗಿಲಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಪ್ರತಿವರ್ಷ ನೋಡುವುದೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆಬೇರೆ ಕರಗಿಸಿ ಒಟ್ಟು ನೂರು ಲೀಟರ್ ನೀರಿಗೆ ಕೂಡಿಸಿದರೆ ಬೋರ್ಡೋ. ಫ್ರಾನ್ಸಿನ ದ್ರಾಕ್ಷಿತೋಟದ ಮದ್ದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಗೆ ಹಚ್ಚಿದ. ಕೊನೆಗೌಡ ಮರ ಹತ್ತುವ ಮುಂಚೆ ಮಾವನವರು ಡ್ರಮ್ಮಿಗೆ ಕತ್ತಿಯ ಮೊನೆ ಅದ್ದಿ, ಒಂದು ಗಳಿಗೆ ಬಿಟ್ಟು, ಎತ್ತಿ ಬಿಸಿಲಿಗೆ ಹಿಡಿಯುತ್ತಾರೆ. ಕೆಂಪಗೆ ಕಂಡರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಕತ್ತಿಯನ್ನು ನೋಡುತ್ತಿದ್ದೇನೆ. ಹೈಸ್ಕೂಲಿನಲ್ಲಿ ಸ್ಥಾನಪಲ್ಲಟ ಕ್ರಿಯೆಯನ್ನು ಉರು ಹೊಡೆದು ಎರಡು ಅಂಕ ತೆಗೆದಿದ್ದೇನೆ. ಎರಡೂ ಒಂದೇ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಫೋನಿನೊಳಗೆ ಮೊಳೆ ನೀಲಿ ನೀರಿಗೆ ಇಳಿಯಿತು. "ಇಪ್ಪತ್ತು ನಿಮಿಷದ ನಂತರ" ಎಂಬ ಅಕ್ಷರ ಬಂತು, ಮರುಕ್ಷಣ ಕೆಂಪು ಮೊಳೆ ಹೊರಬಂತು. ಮಾವನವರು ನಂಬಲಿಲ್ಲ. "ಬೇರೆ ಮೊಳೆ ಇಟ್ಟಿದಾನೆ" ಅಂದರು.

ಅಜ್ಜನ ಅನುಮಾನ ಮೊಮ್ಮಗನ ಮರ್ಯಾದೆಯ ಪ್ರಶ್ನೆಯಾಯಿತು. ಕೊಟ್ಟಿಗೆ ಅಟ್ಟದಿಂದ ಒಂದು ಚೂರು ಮೈಲುತುತ್ತ ಇಳಿಯಿತು. ಅಡುಗೆಮನೆಯ ಲೋಟ ನಾನು ಕೊಡಲಿಲ್ಲ, ಅದು ವಿಷ. ಮೂಲೆಯಲ್ಲಿದ್ದ ಹಳೇ ಗಾಜಿನ ಬಾಟಲಿ ಸಿಕ್ಕಿತು. ಮೊಳೆಯನ್ನು ಮರಳುಕಾಗದದಲ್ಲಿ ತಿಕ್ಕಿ ದಾರ ಕಟ್ಟಿ ಇಳಿಬಿಟ್ಟಿದ್ದಾಯಿತು. ನೀಲಿ ಎಂದರೆ ಎಂಥಾ ನೀಲಿ! ಫೋನಿನಲ್ಲಿ ಅದು ಬಟ್ಟೆಗೆ ಹಾಕುವ ನೀಲಿಯಂತಿತ್ತು, ಇಲ್ಲಿ ನವಿಲಿನ ಕೊರಳು.

ಎರಡು ನಿಮಿಷಕ್ಕೆ ಮಗನ ಕಾಲು ಕುಣಿಯಲು ಶುರುವಾಯಿತು. ಮುಂದಕ್ಕೆ ಓಡಿಸಲು ಈ ಬಾಟಲಿಗೆ ಗುಂಡಿ ಇಲ್ಲ. ನಾನು ಒಗ್ಗರಣೆ ಹಾಕಿ ಬಂದೆ. ಮಾವನವರು ಕವಳ ಉಗುಳಿ ಬಂದರು. ಮೊಳೆ ಮೊದಲು ಮಂಕಾಯಿತು, ಆಮೇಲೆ ಕಪ್ಪೋ ಕೆಂಪೋ ತಿಳಿಯದ ಒಂದು ಪೊರೆ ಕಟ್ಟಿತು. ಮಗ ಎರಡು ಸಲ ಫೋನ್ ನೋಡಿದ, ಮೂರನೇ ಸಲ ಮರೆತ. ಬಾಟಲಿಗೆ ಗಲ್ಲ ತಾಗಿಸಿ ಕೂತೇಬಿಟ್ಟ. ಇಪ್ಪತ್ತು ನಿಮಿಷ ಅವನು ಒಂದೇ ಕಡೆ ಕೂತದ್ದನ್ನು ನಾನು ಈಚೆಗೆ ನೋಡಿದ್ದಿಲ್ಲ.

ದಾರ ಎಳೆದಾಗ ಮೊಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ನೋಡು ಅಜ್ಜ, ಬೇರೆ ಮೊಳೆ ಅಲ್ಲ!" ಮಾವನವರು ಅದನ್ನು ಬಿಸಿಲಿಗೆ ಹಿಡಿದರು, ಆಚೆ ಈಚೆ ತಿರುಗಿಸಿದರು, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

"ಸುಣ್ಣ ಸಾಲದು" ಅಂದರು.