ಆ ಬಣ್ಣಕ್ಕೆ ಯಾರ ಮೇಲೂ ಸಿಟ್ಟಿಲ್ಲ

ಮೊನ್ನೆ ಹಾಸನದ ರೂಮಲ್ಲಿ ಕೂತು ನಿಕೋಲಸ್ ಕೇಜ್ ನಟಿಸಿದ ‘ಕಲರ್ ಔಟ್ ಆಫ್ ಸ್ಪೇಸ್’ ಎರಡನೇ ಸಲ ನೋಡಿದೆ. 2019ರ ಸಿನಿಮಾ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಲ್ಯಾಪ್‌ಟಾಪ್ ತುಂಬಾ ಗುಲಾಬಿ ಬೆಳಕು. ಮೊದಲ ಸಲ ಬಂದಿದ್ದ ಸಿಟ್ಟೇ ಮತ್ತೆ ಬಂತು. ಇಲ್ಲಿ ಕಾರಿಕೊಂಡುಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಕತೆ ಗೊತ್ತಿಲ್ಲದವರಿಗೆ: ಮೂಲ ಕತೆ ಅಮೆರಿಕದ ಭಯಾನಕ ಕತೆಗಾರ ಎಚ್.ಪಿ. ಲವ್‌ಕ್ರಾಫ್ಟ್ ಬರೆದದ್ದು, 1927ರಲ್ಲಿ ಪ್ರಕಟವಾಯಿತು. (ಆ ಮನುಷ್ಯನ ಜನಾಂಗದ್ವೇಷದ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.) ನೇಹಮ್ ಗಾರ್ಡ್ನರ್ ಎಂಬ ರೈತನ ಬಾವಿ ಪಕ್ಕ ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ಅದರ ಜೊತೆ ಬಂದದ್ದು ಒಂದು ಬಣ್ಣ. ಅದಕ್ಕೆ ಹೆಸರಿಲ್ಲ, ಕಾಮನಬಿಲ್ಲಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಲ್ಲು ಕೆಲವೇ ದಿನದಲ್ಲಿ ಸವೆದು ಮಾಯವಾಗುತ್ತದೆ. ಆ ವರ್ಷ ಮರದ ತುಂಬಾ ದಪ್ಪ ದಪ್ಪ ಹಣ್ಣು, ಎಂಥಾ ಹೊಳಪು! ಕಚ್ಚಿದರೆ ಕಹಿ. ಆಮೇಲೆ ಗಿಡ ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ದನಗಳೂ ಹಾಗೇ. ಹೆಂಡತಿಗೆ ತಲೆ ಕೆಡುತ್ತದೆ, ಅವಳನ್ನು ಅಟ್ಟದಲ್ಲಿ ಕೂಡಿಹಾಕುತ್ತಾನೆ. ಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಇಷ್ಟೆಲ್ಲ ಆಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಇದು ನೆನಪಿರಲಿ.

‘ಇಲ್ಲದ ಬಣ್ಣವನ್ನು ತೆರೆ ಮೇಲೆ ಹೇಗೆ ತೋರಿಸ್ತೀರಿ’ ಅಂತ ಎಲ್ಲರೂ ಕೇಳುತ್ತಾರೆ. ಲವ್‌ಕ್ರಾಫ್ಟ್ ಸಿನಿಮಾಕ್ಕೆ ಒಗ್ಗುವುದೇ ಇಲ್ಲ ಅನ್ನುವವರ ದೊಡ್ಡ ಅಸ್ತ್ರವೇ ಇದು. ನನಗಂತೂ ಆ ಕಷ್ಟ ಆಗಲೇ ಬಗೆಹರಿದಿದೆ ಅನಿಸುತ್ತದೆ, ಅದೂ ಎರಡು ಸಲ. 2010ರ ಜರ್ಮನ್ ಸಿನಿಮಾ ‘ಡೀ ಫಾರ್ಬೆ’ ಕಪ್ಪು ಬಿಳುಪಿನಲ್ಲಿದೆ, ಆ ಒಂದು ಬಣ್ಣಕ್ಕೆ ಮಾತ್ರ ಬಣ್ಣ ಇದೆ. ಎಷ್ಟು ಸುಲಭದ ಉಪಾಯ! ಕೇಜ್ ಸಿನಿಮಾದಲ್ಲಿ ಅದು ಮೆಜೆಂಟಾ ಥರದ್ದು, ಗುಲಾಬಿ-ನೇರಳೆ ನಡುವಿನದು. ಮೆಜೆಂಟಾ ನಿಜವಾಗಿಯೂ ಕಾಮನಬಿಲ್ಲಲ್ಲಿ ಇಲ್ಲ. ಕೆಂಪು ಬೆಳಕು, ನೀಲಿ ಬೆಳಕು ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಮ್ಮ ಮಿದುಳು ತಾನೇ ಕಟ್ಟಿಕೊಳ್ಳುವ ಬಣ್ಣ ಅದು.

ಲವ್‌ಕ್ರಾಫ್ಟ್ ಸಿನಿಮಾಕ್ಕೆ ತುಂಬಾ ದುಡ್ಡು ಬೇಕು ಅನ್ನುವ ನೆಪವೂ ಒಪ್ಪುವಂಥದ್ದಲ್ಲ. ನಿರ್ದೇಶಕ ಗಿಯರ್ಮೊ ಡೆಲ್ ಟೊರೊ ಲವ್‌ಕ್ರಾಫ್ಟ್‌ನದೇ ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್’ ಸಿನಿಮಾ ಮಾಡಲು ಹೊರಟಾಗ ಬಜೆಟ್ ಸುಮಾರು 15 ಕೋಟಿ ಡಾಲರ್. 2011ರಲ್ಲಿ ಸ್ಟುಡಿಯೊ ಕೈಬಿಟ್ಟಿತು. ಅದಕ್ಕೂ ಮೊದಲು, 2005ರಲ್ಲಿ, ಲವ್‌ಕ್ರಾಫ್ಟ್ ಅಭಿಮಾನಿಗಳೇ ಸೇರಿ ‘ದ ಕಾಲ್ ಆಫ್ ಕ್ತುಲು’ ಕತೆಯನ್ನು ಹಳೇ ಕಾಲದ ಮೂಕಿ ಚಿತ್ರದ ಹಾಗೆ ಮಾಡಿ ಮುಗಿಸಿದ್ದರು. ಮುಕ್ಕಾಲು ಗಂಟೆಯ ಸಿನಿಮಾ. ಸಿಕ್ಕರೆ ನೋಡಿ.

ಹಾಗಾದರೆ ನನ್ನ ತಕರಾರು ಏನು? ಅವಸರ. ವರ್ಷಕ್ಕೂ ಮೀರಿ ನಡೆಯುವುದನ್ನು ಕೇಜ್ ಸಿನಿಮಾ ಕೆಲವೇ ದಿನಕ್ಕೆ ಇಳಿಸಿದೆ. ಅವನು ಅಲ್ಪಾಕಾ ಸಾಕಲಿ, ಕಿರುಚಲಿ, ಅದರಲ್ಲೂ ಒಂದು ಮಜಾ ಇದೆ. ಆದರೆ ಒಂದು ವಾರದಲ್ಲಿ ಮನೆ ಹಾಳಾದರೆ ಅದು ಅಪಘಾತ. ಒಂದೂವರೆ ವರ್ಷ ದಿನಾ ಬೆಳಿಗ್ಗೆ ಎದ್ದು, ಕೆಟ್ಟ ನೀರು ಅಂತ ಗೊತ್ತಿದ್ದೂ ಅದೇ ಬಾವಿಯಿಂದ ಸೇದಿ ಕುಡಿಯುವುದಿದೆಯಲ್ಲ, ನನಗೆ ಅಲ್ಲಿ ಭಯ ಆಗುತ್ತದೆ.

ನಮ್ಮ ದೆವ್ವದ ಸಿನಿಮಾಗಳನ್ನೇ ನೋಡಿ. ನಮ್ಮ ದೆವ್ವಗಳು ಒಂಥರಾ ನೆಂಟರು. ಅವಕ್ಕೆ ಅನ್ಯಾಯ ಆಗಿರುತ್ತೆ, ಏನೋ ಬಾಕಿ ಇರುತ್ತೆ. ಇಂಟರ್ವಲ್ ಆದಮೇಲೆ ಫ್ಲ್ಯಾಶ್‌ಬ್ಯಾಕಲ್ಲಿ ಹೇಳಿಕೊಳ್ಳುತ್ತವೆ. ಮಂತ್ರವಾದಿ ಬರ್ತಾನೆ, ಲೆಕ್ಕ ಚುಕ್ತಾ. ಲವ್‌ಕ್ರಾಫ್ಟ್‌ನ ಬಣ್ಣಕ್ಕೆ ಯಾರ ಮೇಲೂ ಸಿಟ್ಟಿಲ್ಲ. ನೇಹಮ್ ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಹರಕೆ ಹೊರೋದು ಯಾರಿಗೆ?

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಕೊಪ್ಪದ ಕಡೆ ನಮ್ಮ ಮನೆಯಲ್ಲಿ ನೋಡಿದ್ದೆ. ಅಡಿಕೆಗೆ ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ. ಕಾಯಿ ಹೊರಗೆ ಸರಿಯಾಗೇ ಕಾಣುತ್ತೆ, ಒಡೆದರೆ ತಿರುಳು ಕಪ್ಪು. ಫೈಟೋಪ್ಲಾಸ್ಮಾ ಅನ್ನುವ, ಕಣ್ಣಿಗೆ ಕಾಣದ ಜೀವಿಯ ಕೆಲಸವಂತೆ. ಮದ್ದಿಲ್ಲ. ಆ ಹಳದಿ, ಸಂಜೆ ಬಿಸಿಲು ಬಿದ್ದಾಗ, ಹೇಳಬಾರದು, ತುಂಬಾ ಚೆಂದ ಕಾಣುತ್ತಿತ್ತು. ದೊಡ್ಡಪ್ಪ ಬಸಿಗಾಲುವೆ ಆಳ ಮಾಡಿಸಿದರು, ಸುಣ್ಣ ಹಾಕಿಸಿದರು, ಗೊಬ್ಬರ ಬದಲಾಯಿಸಿದರು. ಕೊನೆಗೆ ಪ್ರಶ್ನೆ ಇಡಿಸಿ ನಾಗನಿಗೂ ಮಾಡಿಸಿದರು. ಯಾರೋ ಮುನಿಸಿಕೊಂಡಿದ್ದಾರೆ ಅಂತಾದರೂ ಗೊತ್ತಾಗಿದ್ದರೆ ಅವರಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಕೇಜ್ ಸಿನಿಮಾದ ಕೊನೆಗೆ ಮಾತ್ರ ನನ್ನ ಪೂರ್ತಿ ಮಾರ್ಕ್ಸ್. ಮೂಲ ಕತೆ ಹೇಳುವವನು ಒಬ್ಬ ಸರ್ವೇಯರ್. ಆ ಜಾಗವೆಲ್ಲ ಹೊಸ ಜಲಾಶಯದಲ್ಲಿ ಮುಳುಗುವುದಿದೆ. ಊರಿಗೆಲ್ಲ ಹೋಗುವ ಆ ನೀರು ತನಗೆ ಬೇಡ ಅನ್ನುತ್ತಾನೆ. ಸಿನಿಮಾ ಆ ಅಣೆಕಟ್ಟನ್ನು ಉಳಿಸಿಕೊಂಡಿದೆ. ಅದನ್ನು ನೋಡುವಾಗ ನನ್ನ ತಲೆಯಲ್ಲಿ ಗೊರೂರು ಹಿನ್ನೀರು, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿ ಚರ್ಚು.

ಕಳೆದ ಸಲ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ದೊಡ್ಡಪ್ಪನಿಗೆ ಈ ಕತೆ ಹೇಳಿದೆ. ಕಲ್ಲು, ಬಣ್ಣ ಯಾವುದರ ಬಗ್ಗೆಯೂ ಅವರು ಕೇಳಲಿಲ್ಲ. ಕವಳ ಮೆಲ್ಲುತ್ತಾ, “ಬೇರೆ ಬಾವಿ ತೆಗೆಸ್ಲಿಲ್ಲ ಎಂತಕ್ಕೆ ಅವ?” ಅಂದರು.

“ಎತ್ತರದ ಜಾಗದಲ್ಲಿ ತೆಗೆಸು ಅಂತ ಪಕ್ಕದ ಮನೆಯವ ಹೇಳ್ತಾನೆ ದೊಡ್ಡಪ್ಪ. ಇವನು ಕೇಳಲ್ಲ.”

“ಕೇಳಲ್ಲ ಬಿಡು,” ಅಂದರು. ಎದ್ದು ಕವಳ ಉಗಿದು ಬಂದರು. “ನರ್ಸರಿಯಲ್ಲಿ ಮುನ್ನೂರು ಅಡಿಕೆ ಸಸಿ ಹೇಳಿ ಇಟ್ಟಿದೀನಿ. ಮಳೆ ಹಿಡಿದ ಮೇಲೆ ನೆಡೋಕೆ ನೀನೂ ಬಾ.”

“ಎಲ್ಲಿ ನೆಡ್ತೀರಿ?”

“ಎಲ್ಲಿ ಅಂದ್ರೆ? ಅಲ್ಲೇ.”