ಅಲ್ಲೇ ಬಿದ್ದಿದ್ದು, ನಾನು ನೋಡ್ದೆ!

ಬಿಲ್ಲುಗಾರಿಕೆ ಅಂದರೆ ಬಾಣ ಬಿಡುವುದು ಅಂದುಕೊಂಡವರು ಸ್ವಂತ ಜಮೀನಿನಲ್ಲಿ ಒಂದು ರೇಂಜ್, ಅಂದರೆ ಬಾಣ ಬಿಟ್ಟು ಅಭ್ಯಾಸ ಮಾಡುವ ಜಾಗ, ಮಾಡಿ ನೋಡಬೇಕು. ಅದು ಮುಖ್ಯವಾಗಿ ಬಗ್ಗಿಕೊಂಡು ಹುಲ್ಲು ಕೆದಕುವ ಆಟ. ನಡುನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲಿಕ್ಕೆ ಅಂತ ಒಂದೆರಡು ಬಾಣ ಬಿಡುತ್ತೇವೆ, ಅಷ್ಟೆ.

ಜಾಗ ಸುಮ್ನೆ ಬಿದ್ದಿದೆಯಲ್ಲ ಅಂತ ಶುರುವಾದದ್ದು. ಅಳತೆ ಹಿಡಿದ ಮೇಲೆ ಗೊತ್ತಾಯಿತು, ಇಷ್ಟು ದೊಡ್ಡ ಜಾಗದಲ್ಲಿ ಬಾಣಕ್ಕೆ ಜಾಗವೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಗುರಿ ಇರುವುದು 70 ಮೀಟರ್ ದೂರದಲ್ಲಿ. ಸರಿ, ಅಷ್ಟಿದೆ. ಆದರೆ ಗುರಿ ತಪ್ಪಿದ ಬಾಣ ಅಲ್ಲಿಗೇ ನಿಲ್ಲುವುದಿಲ್ಲವಲ್ಲ! ಬಿಲ್ಲು ಸ್ವಲ್ಪ ಮೇಲೆದ್ದರೂ ಸಾಕು, ಅದು ಬೇಲಿ, ಬದು ಯಾವುದಕ್ಕೂ ಕ್ಯಾರೇ ಅನ್ನುವುದಿಲ್ಲ. ಹಾಗಾಗಿ ಹಿಂದೆ ಎತ್ತರದ ಮಣ್ಣಿನ ದಿಬ್ಬ ಬೇಕು, ದಿಬ್ಬದ ಆಚೆ ಯಾರೂ ಓಡಾಡದ ಬಯಲು ಬೇಕು. ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ ಉತ್ತರ ಗೋಳಾರ್ಧದವರು ಉತ್ತರಕ್ಕೇ ಮುಖ ಮಾಡಬೇಕು. ನಮ್ಮ ಜಮೀನು ಉದ್ದ ಇರುವುದು ಪೂರ್ವ-ಪಶ್ಚಿಮಕ್ಕೆ. ಉತ್ತರಕ್ಕೆ ತಿರುಗಿದರೆ ಸಿಗುವುದು 30 ಮೀಟರ್, ಅದರಾಚೆ ಒಂದಿಷ್ಟು ಹುಲ್ಲು, ಆಮೇಲೆ ದಿಬ್ಬ. ಒಲಿಂಪಿಕ್ಸ್ ಆಸೆಯನ್ನು ಅಲ್ಲೇ ಕೈಬಿಟ್ಟೆ.

ಒಣಹುಲ್ಲಿನ ಪೆಂಡಿಗಳನ್ನು ಬಿಗಿದು ಒಟ್ಟಿ, ಸ್ವಲ್ಪ ಹಿಂದಕ್ಕೆ ವಾಲಿಸಿ, 122 ಸೆಂಟಿಮೀಟರ್ ಅಗಲದ ಗುರಿ ಅಂಟಿಸಿದೆವು. ಗುರಿಯ ಮಧ್ಯದ ಹಳದಿ ಭಾಗದ ನಡುವಿನ ಹತ್ತು ಅಂಕದ ವೃತ್ತ ಬರೀ 12.2 ಸೆಂಟಿಮೀಟರ್. ಅದನ್ನು ಮೊದಲು ಮುಟ್ಟಿದ್ದು ಹಟ್ಟಿಯ ಕರು. ಹಗ್ಗ ಬಿಚ್ಚಿಕೊಂಡು ಬಂದು, ಹಿಂದಿನಿಂದ ತಿನ್ನುತ್ತಾ ತಿನ್ನುತ್ತಾ ನೇರ ಹತ್ತಕ್ಕೇ ಬಾಯಿ ಹಾಕಿತ್ತು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಹುಲ್ಲು. ಗುರಿ ತಪ್ಪಿದ ಬಾಣ ನೆಲಕ್ಕೆ ಚುಚ್ಚಿಕೊಂಡು ನಿಲ್ಲುವುದಿಲ್ಲ. ಓರೆಯಾಗಿ ಇಳಿದು, ಹುಲ್ಲಿನ ಬುಡದಲ್ಲೇ ಹಾವಿನ ಹಾಗೆ ಸರಿದು, ಗರಿಯ ಸಮೇತ ಒಳಗೆ ಮಲಗಿಬಿಡುತ್ತದೆ. ಅದರ ಮೇಲೆಯೇ ನಿಂತಿದ್ದರೂ ಕಾಣುವುದಿಲ್ಲ. ಅರ್ಜುನನಿಗೆ ಗಾಂಡೀವದ ಜೊತೆ ಅಕ್ಷಯ ಬತ್ತಳಿಕೆ ಯಾಕೆ ಕೊಟ್ಟರು ಅಂತ ಈಗ ಅರ್ಥವಾಗಿದೆ. ಇಲ್ಲದಿದ್ದರೆ ಆ ಯುದ್ಧ 18 ದಿನಕ್ಕೆ ಮುಗಿಯುತ್ತಲೇ ಇರಲಿಲ್ಲ.

ಇಂಥ ಹೊತ್ತಿಗೇ ನಮ್ಮ ಭಾವನ ಪ್ರವೇಶ. ಭಾವ ಬಿಲ್ಲು ಮುಟ್ಟುವುದಿಲ್ಲ. ಹಿಂದೆ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ತೂಗುಹಾಕಿಕೊಂಡು ಕೂರುತ್ತಾರೆ. ಸ್ಪರ್ಧೆಗಳಲ್ಲಿ ಎರಡು ಸೀಟಿಗೆ ಬಾಣ ಬಿಡುವ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರಕ್ಕೆ ಹೋಗಿ ಬಾಣ ತರಬೇಕು. ಇರುವುದು ನಾನೊಬ್ಬನೇ ಆದರೂ ಭಾವ ಒಂದನ್ನೂ ಬಿಡುವುದಿಲ್ಲ. ಮೂರನೇ ಸೀಟಿ ಊದಿದವರೇ ಕೈ ಚಾಚುತ್ತಾರೆ. "ಅಲ್ಲೇ ಬಿದ್ದಿದ್ದು, ನಾನು ನೋಡ್ದೆ."

ಆ ಬೆರಳಿನ ಖಚಿತತೆ ನೋಡಬೇಕು ನೀವು. ನಾನು ಹೋಗಿ ಕೆದಕುತ್ತೇನೆ. ಇಲ್ಲ.

"ಭಾವ, ಇಲ್ಲಿಲ್ಲ."

"ಇದೆ ಕಣೋ. ಇನ್ನೊಂದು ಚೂರು ಎಡಕ್ಕೆ."

ಎಡಕ್ಕೆ ಸರಿಯುತ್ತೇನೆ. "ನಿನ್ನ ಎಡ ಅಲ್ಲ, ನನ್ನ ಎಡ!" ಬಲಕ್ಕೆ ಸರಿಯುತ್ತೇನೆ. "ಹಾಂ, ಅಲ್ಲೇ. ಕಾಲಿನ ಹತ್ತಿರವೇ ಇದೆ ನೋಡು." ಇರುವುದಿಲ್ಲ. ಆಗ ಭಾವ ಮೇಲೇಳುತ್ತಾರೆ. ಅವರು ಎದ್ದರೆ ಬೆರಳು ತೋರಿಸಿದ ಜಾಗವೂ ಎದ್ದು ಬೇರೆ ಕಡೆ ಹೋಗುತ್ತದೆ. ಕೊನೆಗೆ ಬಾಣ ಸಿಗುವುದು ಭಾವ ಒಮ್ಮೆಯೂ ಬೆರಳು ಮಾಡದ ಮೂಲೆಯಲ್ಲಿ. "ನಾನು ಹೇಳಿದ್ದೂ ಅದೇ" ಅನ್ನುತ್ತಾರೆ. ಅಕ್ಕನ ಗಂಡ. ಏನು ಹೇಳೋಕಾಗುತ್ತೆ?

ಮೆಟಲ್ ಡಿಟೆಕ್ಟರ್ ತಂದೆ. ಬಾಣದ ಮೊನೆ ಉಕ್ಕಿನದು, ಸದ್ದು ಮಾಡಲೇಬೇಕು. ಮಾಡಿತು. ನೇಗಿಲಿನ ಬೋಲ್ಟಿಗೆ, ಬೇಲಿ ತಂತಿಯ ತುಂಡಿಗೆ, ಯಾವ ಕಾಲದ್ದೋ ಲಾಳಕ್ಕೆ. ಹಳ್ಳಿಯ ಭೂಮಿಯಲ್ಲಿ ಬಾಣಕ್ಕಿಂತ ಕಬ್ಬಿಣ ಜಾಸ್ತಿ. ಪ್ರತಿ 'ಬೀಪ್'ಗೂ ಭಾವ ಕುರ್ಚಿಯಿಂದಲೇ "ಹೇಳ್ಲಿಲ್ವಾ ನಾನು!" ಅನ್ನುತ್ತಿದ್ದರು.

ದಿಬ್ಬದ ಮುಂದೆ ಒಂದು ಬಲೆ ಕಟ್ಟಿಬಿಡೋಣ, ಹುಡುಕುವ ಕೆಲಸವೇ ಇರಲ್ಲ ಅಂದೆ. ಭಾವ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಮೇಲೆ ನಾನು ಬಂದು ಏನು ಮಾಡ್ಲಿ?" ಅಂದರು. ನಿವೃತ್ತರಾದ ಮೇಲೆ ಇಷ್ಟು ಠೀವಿಯಿಂದ ಅವರು ಇನ್ನೆಲ್ಲೂ ಕೂತದ್ದನ್ನು ನಾನು ಕಂಡಿಲ್ಲ. ನಾನು ಮಾಡುವ ಯಾವ ಕೆಲಸವನ್ನೂ ಬೇರೆ ಯಾರೂ ಇಷ್ಟು ಕಣ್ಣಿಟ್ಟು ನೋಡುವುದೂ ಇಲ್ಲ. ಬಾಯಿಗೆ ಬಂದಿದ್ದನ್ನು ನುಂಗಿಕೊಂಡು, "ಬಲೆ ಕಟ್ಟೋಕೆ ನೀವೇ ಬೇಕು ಭಾವ" ಅಂದೆ.

ಬಾಣ ತಡೆಯುವ ಬಲೆಯನ್ನು ಸಡಿಲವಾಗಿ ಇಳಿಬಿಡಬೇಕು. ಆಗ ಅದು ಹಿಂದಕ್ಕೆ ಜಗ್ಗಿ ಬಾಣದ ವೇಗ ತಿನ್ನುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಬಾಣ ತೂರಿಕೊಂಡೇ ಹೋಗುತ್ತದೆ. ಇದನ್ನು ಭಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಜೋಲು ಬಿದ್ದದ್ದು ಕಂಡರೆ ಅವರಿಗೆ ಆಗುವುದಿಲ್ಲ. ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ, ಬೆರಳಿನಿಂದ ಮೀಟಿದರೆ ನಾದ ಬರುವಷ್ಟು ಬಿಗಿದು ಕಟ್ಟಿದ್ದರು.

ಇವತ್ತು ಬೆಳಿಗ್ಗೆ ಬಾಣ ಬಲೆಯನ್ನು ತೂರಿಕೊಂಡು ಹೋಯಿತು. ದಿಬ್ಬದಲ್ಲಿ ಹುಡುಕಿದೆ, ಹುಲ್ಲಿನಲ್ಲಿ ಹುಡುಕಿದೆ, ಎಲ್ಲೂ ಇಲ್ಲ. ಎಲ್ಲಿ ಬಿತ್ತು ಅಂತ ಭಾವ ನೋಡಿದ್ದಾರಂತೆ.