ಹೊಳಪಷ್ಟೇ ಸಾಲದು
ಬಣ್ಣ ಹೊಳೆದರೆ ಮಾದರಿ ಕಾರಿನ ಕೆಲಸ ಮುಗಿದಂತೆ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪುವುದಿಲ್ಲ. ಜೀವ ಬರುವುದೇ ಆಮೇಲೆ. 1:24 ಅಳತೆಯಲ್ಲಿ, ಅಂದರೆ ನಿಜವಾದ ಕಾರಿಗಿಂತ 24 ಪಟ್ಟು ಚಿಕ್ಕದಾದ ಮಾದರಿಯಲ್ಲಿ, ಬಾಗಿಲಿನ ಸಂದು ಕೂದಲೆಳೆಯಷ್ಟು. ಥಿನ್ನರ್ ಬೆರೆಸಿ ತೆಳುಮಾಡಿದ ಕಡುಬೂದು ಎನಾಮಲ್ ಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ಅಲ್ಲಿ ತಾಗಿಸಿದರೆ ಸಾಕು, ಸಂದಿನುದ್ದಕ್ಕೂ ತಾನಾಗಿಯೇ ಹರಿದು ಬಾಗಿಲು ಎದ್ದು ಕಾಣುತ್ತದೆ. ಆ ಕ್ಷಣವನ್ನು ನೋಡಲೇಬೇಕು! ಕೆಳಗೆ ಮೊದಲೇ ಹಚ್ಚಿದ ಅಕ್ರಿಲಿಕ್ ಬಣ್ಣದ ಪದರ ಮಾತ್ರ ಪೂರ್ತಿ ಒಣಗಿರಬೇಕು.

ಕೋಲಾರದ ರಸ್ತೆಯಲ್ಲಿ ಓಡಿದ ಅಂಬಾಸಡರ್‌ನಂತೆ ಕಾಣಲೆಂದು ನಮ್ಮ ಕೆಮ್ಮಣ್ಣನ್ನೇ ಹಚ್ಚಲು ಹೊರಡುವವರಿಗೆ ಒಂದು ವಿನಂತಿ: ನೇರವಾಗಿ ಹಚ್ಚಬೇಡಿ. ಅರ್ಧ ಮಿಲಿಮೀಟರ್ ಕಣವೂ ಈ ಅಳತೆಯಲ್ಲಿ 12 ಮಿಲಿಮೀಟರ್ ಜಲ್ಲಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಪುಡಿಯನ್ನು ಒಣ ಕುಂಚದಿಂದ ಚಕ್ರಗಳ ಹಿಂಬದಿಗೆ, ಬಾಗಿಲುಗಳ ಕೆಳ ಅಂಚಿಗೆ ಸವರಿ. ಧೂಳು ನಿಜವಾಗಿ ಕೂರುವುದು ಅಲ್ಲಿಯೇ.